ಕೇಳುವ ಮೊದಲೇ ಹೇಳುವುದು

(ರಾಜ್ಯೋತ್ಸವದ ಅಂಗವಾಗಿ ನಡೆದ ತರುಣ ಸದಸ್ಯರ ಕೂಟದಲ್ಲಿ ಮಾಡಿದ ಭಾಷಣ)



ನಾನು ವಿದ್ವಾಂಸನಲ್ಲ, ಸಾಹಿತಿಯೂ ಅಲ್ಲ. ಬಿ.ಕಾಂ. ಮುಗಿಸಿ, ೨೦೧೩ರಲ್ಲಿ ಬ್ಯಾಂಕೊಂದರಲ್ಲಿ ಗುಮಾಸ್ತನಾಗಿ ಸೇರಿ, ಇಂದಿಗೂ ಅದೇ ಕುರ್ಚಿಯ ಮೇಲೆ ಕುಳಿತಿರುವವನು. ರಾಜ್ಯೋತ್ಸವವೆಂದರೆ ಪಂಪ ರನ್ನರ ಮಾತು ಬರಬೇಕಾದ ಹೊತ್ತು. ಅಂಥ ಹೊತ್ತಿನಲ್ಲಿ ಲೆಕ್ಕ ಬರೆಯುವವನನ್ನು ವೇದಿಕೆ ಹತ್ತಿಸಿದ ಕಾರ್ಯದರ್ಶಿಗಳ ಧೈರ್ಯ ದೊಡ್ಡದು. ಅವರು ನನಗೆ ಹೇಳಿದ್ದು ಇಷ್ಟು: "ನಮ್ಮ ಹುಡುಗರು ಹುಡುಗಿಯರು ವರ್ಷವರ್ಷವೂ ಈ ಊರಿನಲ್ಲಿ ಕೆಲಸಕ್ಕೆ ಸೇರುತ್ತಾರೆ. ಮೊದಲ ಆರು ತಿಂಗಳಲ್ಲಿ ಎಡವದ ಹಾಗೆ ಏನಾದರೂ ಹೇಳಿರಿ." ಎಡವಿದವನನ್ನೇ ಹುಡುಕಿ ಕರೆದಿದ್ದಾರೆ. ಆ ಮಟ್ಟಿಗೆ ಆಯ್ಕೆ ಸರಿಯಾಗಿದೆ.

ನಾನು ಹೇಳಬೇಕಾದ ಮಾತು ಒಂದೇ. ಹೊಸದಾಗಿ ಕೆಲಸಕ್ಕೆ ಸೇರಿದವರು ತಮಗೆ ಒಪ್ಪಿಸಿದ ಕೆಲಸ ಎಲ್ಲಿಯವರೆಗೆ ಬಂದಿದೆ, ಎಲ್ಲಿ ನಿಂತಿದೆ ಎಂಬುದನ್ನು ಮೇಲಿನವರಿಗೆ, ಅವರು ಕೇಳುವ ಮೊದಲೇ, ತಿಳಿಸುತ್ತಿರಬೇಕು. "ಇಷ್ಟೇಯೋ?" ಎಂದು ತಾವು ಕೇಳಬಹುದು. ಇಷ್ಟೇ. ಆದರೆ ಇಷ್ಟನ್ನು ಕಲಿಯಲು ನಾನು ತೆತ್ತ ಬೆಲೆ ಕಡಿಮೆಯದಲ್ಲ. ನಿಜವಾಗಿ ಹೇಳುವುದಾದರೆ ಅದನ್ನು ತೆತ್ತವರು ಬೇರೊಬ್ಬರು.

ಮೊದಲು ಒಂದು ಹಳೆಯ ಸಂಗತಿ. ನಮ್ಮದು ಕುಂದಾಪುರದ ಕಡೆಯ ಒಂದು ಹಳ್ಳಿ. ನಮ್ಮ ತಂದೆಯವರು ಹುಡುಗನಾಗಿದ್ದಾಗಲೇ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿದವರು. ಇಲ್ಲಿ ಕುಳಿತಿರುವ ಹಿರಿಯರಲ್ಲಿ ಅನೇಕರು ಅದೇ ದಾರಿಯಲ್ಲಿ ಬಂದವರೆಂದು ಬಲ್ಲೆ. ನಾನು ಚಿಕ್ಕವನಿದ್ದಾಗ ಊರಿನಲ್ಲಿ ಅಜ್ಜಿಯ ಬಳಿ ಬೆಳೆದೆ. ತಂದೆಯವರಿಂದ ಹದಿನೈದು ದಿನಕ್ಕೊಮ್ಮೆ ಇನ್‌ಲ್ಯಾಂಡ್ ಕಾಗದ ಬರುತ್ತಿತ್ತು. ಅಜ್ಜಿಗೆ ಓದಲು ಬಾರದು. ಓದಿ ಹೇಳುವ ಕೆಲಸ ನನ್ನದು. "ಇತ್ತ ಕ್ಷೇಮ, ಅತ್ತ ನಿಮ್ಮ ಕ್ಷೇಮಕ್ಕೆ ಬರೆಯಿಸಿ" ಎಂದು ಆರಂಭ. ಆಮೇಲೆ ಸಂಬಳ ಬಂತೋ ಇಲ್ಲವೋ, ಎಷ್ಟು ಹಣ ಮನಿಯಾರ್ಡರು ಮಾಡಿದೆ, ಖೋಲಿಯ ಬಾಡಿಗೆ ಎಷ್ಟು ಹೆಚ್ಚಿತು, ಮಳೆಗಾಲಕ್ಕೆ ಊರಿಗೆ ಬರುವುದು ಆದೀತೋ ಆಗದೋ ಎಂಬ ವಿವರ.

ಒಂದು ಸಲ ಒಂದೂವರೆ ತಿಂಗಳು ಕಾಗದವೇ ಇಲ್ಲ. ಅಂಚೆಯಣ್ಣ ಗದ್ದೆಯ ಅಂಚಿನಲ್ಲಿ ಬರುವುದು ಕಂಡರೆ ಅಜ್ಜಿ ಕೈಯ ಕೆಲಸ ಬಿಟ್ಟು ಅಂಗಳಕ್ಕೆ ಬರುತ್ತಿದ್ದಳು. ಅವನು ನಮ್ಮ ಮನೆ ದಾಟಿ ಹೋದರೆ ಆ ದಿನ ಅವಳಿಗೆ ಊಟ ಸೇರದು. ಕೊನೆಗೆ ನನ್ನ ಮಾವನನ್ನು ಬಸ್ಸು ಹತ್ತಿಸಿ ಮುಂಬಯಿಗೆ ಕಳುಹಿಸಿದಳು. ಹೋಗಿ ನೋಡಿದರೆ ತಂದೆಯವರಿಗೆ ಅರಶಿನ ಕಾಮಾಲೆ. ಊರಿನವರು ಗಾಬರಿಪಡುವುದು ಬೇಡವೆಂದು ಸುಮ್ಮನಿದ್ದರಂತೆ. ಮುಂದೆ ಅವರು ಗುಣವಾಗಿ ಊರಿಗೆ ಬಂದಾಗ ಅಜ್ಜಿ ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: "ಕಾಮಾಲೆ ಅಂತ ಬರೆದಿದ್ದರೆ ಮದ್ದು ಕಳಿಸುತ್ತಿದ್ದೆ ಮಗಾ. ಏನೂ ಬರೆಯದಿದ್ದರೆ ನಾನು ಏನು ಕಳಿಸಲಿ?"

ಈ ಮಾತನ್ನು ನಾನು ಮರೆತಿರಲಿಲ್ಲ. ಆದರೆ ನೆನಪಿನಲ್ಲಿದ್ದ ಮಾತು ಸಮಯಕ್ಕೆ ಉಪಯೋಗಕ್ಕೆ ಬರಲಿಲ್ಲ.

ಬಿ.ಕಾಂ. ಓದಲು ನಾನು ತಂದೆಯವರ ಬಳಿಗೆ ಬಂದೆ. ಮರಾಠಿ ಕಲಿತೆ, ಪರೀಕ್ಷೆಗೆ ಸಾಕಾಗುವಷ್ಟು ಬಂತು, ಧಾರಾಳವಾಗಿ ನಾಲ್ಕು ಮಾತನಾಡುವಷ್ಟು ಬರಲಿಲ್ಲ. ನೌಕರಿ ಸಿಕ್ಕಿ ಉಪನಗರದ ಒಂದು ಶಾಖೆಗೆ ಹೋದೆ. ಆರು ತಿಂಗಳ ಪ್ರೊಬೇಷನ್. ಎರಡನೆಯ ತಿಂಗಳು ಮ್ಯಾನೇಜರರು ನನ್ನನ್ನು ಕರೆದು ೪೨ ಸಾಲದ ಖಾತೆಗಳ ಒಂದು ಪಟ್ಟಿ ಕೊಟ್ಟರು.

ಬ್ಯಾಂಕಿನ ಕೆಲಸ ತಿಳಿಯದವರಿಗೆ ಎರಡು ಮಾತು. ಸಾಲ ಪಡೆದವರು ಪ್ರಾಮಿಸರಿ ನೋಟು ಬರೆದುಕೊಡುತ್ತಾರಷ್ಟೆ. ಬೇಡಿದಾಗ ಕೊಡುತ್ತೇನೆಂಬ ಅಂಥ ನೋಟಿನ ಮೇಲೆ ದಾವೆ ಹೂಡಲು ಕಾಲಮಿತಿ ಕಾಯಿದೆಯ ಪ್ರಕಾರ ಮೂರು ವರ್ಷದ ಅವಧಿ. ಆ ಮೂರು ವರ್ಷ ಮುಗಿಯುವುದರೊಳಗೆ ಸಾಲಗಾರ "ಹೌದು, ಈ ಸಾಲ ನನ್ನ ಮೇಲಿದೆ" ಎಂದು ಬರೆದು ಸಹಿ ಮಾಡಿದರೆ, ಸಹಿಯ ದಿನದಿಂದ ಮತ್ತೆ ಹೊಸದಾಗಿ ಅವಧಿ ಆರಂಭವಾಗುತ್ತದೆ. ಒಂದು ದಿನ ತಡವಾಗಿ ಸಹಿ ಬಿದ್ದರೆ ಆ ಒಪ್ಪಿಗೆಗೆ ಕಾಯಿದೆಯಲ್ಲಿ ಆ ಬಲವಿಲ್ಲ. ೪೨ ಮಂದಿಯಿಂದ ಆಯಾ ತಾರೀಖಿನೊಳಗೆ ಅಂಥ ಒಪ್ಪಿಗೆ ಪತ್ರ ಪಡೆಯುವುದು ನನಗೆ ಬಂದ ಕೆಲಸ.

ನಾನು ಶ್ರದ್ಧೆಯಿಂದ ದುಡಿದೆ. ಇದನ್ನು ಸಂಕೋಚವಿಲ್ಲದೆ ಹೇಳುತ್ತೇನೆ, ಏಕೆಂದರೆ ಕತೆಯ ತಿರುಳು ಅಲ್ಲಿಯೇ ಇದೆ. ಫೋನು ಮಾಡಿದೆ, ಪತ್ರ ಬರೆದೆ, ಸಂಜೆಯ ಹೊತ್ತು ಅಂಗಡಿ ಅಂಗಡಿ ತಿರುಗಿದೆ. ಒಂದೂವರೆ ತಿಂಗಳಲ್ಲಿ ೪೧ ಸಹಿ ಬಂದವು. ಉಳಿದದ್ದು ಒಂದು. ಒಬ್ಬ ದರ್ಜಿ, ಹೊಲಿಗೆ ಯಂತ್ರಗಳಿಗೆಂದು ಸಾಲ ಪಡೆದವನು. ಅವನಿದ್ದ ಚಾಳನ್ನು ಕೆಡವಿದ್ದರು. ಫೋನು ಹತ್ತುತ್ತಿರಲಿಲ್ಲ. ರಿಜಿಸ್ಟರ್ ಪತ್ರ ಹಿಂದಕ್ಕೆ ಬಂತು.

ಮ್ಯಾನೇಜರರು ಎರಡು ಸಲ ಕೇಳಿದರು, "ಆ ಪಟ್ಟಿಯ ಕೆಲಸ ಎಲ್ಲಿಗೆ ಬಂತು?" ಎರಡು ಸಲವೂ ನಾನು ಹೇಳಿದ್ದು ಒಂದೇ ಮಾತು: "ಹೋ ಜಾಯೇಗಾ, ಸರ್." ಈ ಊರಿನಲ್ಲಿ ಬಹಳ ಸುಲಭವಾಗಿ ನಾಲಿಗೆಗೆ ಬರುವ ಮಾತು ಅದು. ೪೧ ಆಗಿದೆ ಎಂದು ಹೇಳಿದರೆ ಜಂಬವಾದೀತೆಂದು ನಾಚಿಕೆ. ಒಂದು ಆಗಿಲ್ಲ ಎಂದು ಹೇಳಿದರೆ ಕೈಲಾಗದವನೆಂದುಕೊಂಡಾರು ಎಂಬ ಭಯ. ನಾಚಿಕೆ ಭಯಗಳ ನಡುವೆ ಆ ತಾರೀಖು ದಾಟಿಹೋಯಿತು.

ಹತ್ತು ದಿನದ ಮೇಲೆ ಅದನ್ನು ಕಂಡವರು ಆಡಿಟರರು. ಮ್ಯಾನೇಜರರು ನನ್ನನ್ನು ಕರೆದರು.

"ಪತ್ರ ಹಿಂದಕ್ಕೆ ಬಂದದ್ದು ಯಾವಾಗ?"

"ತಾರೀಖಿಗೆ ಮೂರು ವಾರ ಮುಂಚೆ, ಸರ್."

ಅವರು ಗದರಲಿಲ್ಲ. ಗಂಟೆ ಒತ್ತಿ ಜವಾನರನ್ನು ಕರೆದರು. ವಯಸ್ಸಾದ ಮನುಷ್ಯ, ನಾವೆಲ್ಲ 'ಕಾಕಾ' ಎನ್ನುತ್ತಿದ್ದೆವು. "ಕಾಕಾ, ಈ ದರ್ಜಿ ಗೊತ್ತೇ?" ಎಂದು ಹೆಸರು ಓದಿದರು. ಕಾಕಾ ನಕ್ಕರು: "ಗೊತ್ತಿಲ್ಲದೆ ಏನು ಸಾಹೇಬ್? ನನ್ನ ಮಗಳ ಮದುವೆಯ ರವಿಕೆಗಳನ್ನೆಲ್ಲ ಹೊಲಿದವನು ಅವನೇ. ಈಗ ಡೊಂಬಿವಲಿಯಲ್ಲಿ ಮಗನ ಜೊತೆಗಿದ್ದಾನೆ."

ನನ್ನ ಮೇಜಿನಿಂದ ಕಾಕಾ ಕುಳಿತುಕೊಳ್ಳುವ ಸ್ಟೂಲಿಗೆ ಹತ್ತು ಹೆಜ್ಜೆ. ಮೂರು ವಾರ ನಾನು ಉಪನಗರವೆಲ್ಲ ತಿರುಗಿದ್ದೆ. ಆ ಹತ್ತು ಹೆಜ್ಜೆ ಇಡಲಿಲ್ಲ. ನಾನು ಬಾಯಿಬಿಟ್ಟು ಒಂದು ಮಾತು ಮ್ಯಾನೇಜರರಿಗೆ ಹೇಳಿದ್ದರೆ ಅವರೇ ಅಂದೇ ಕಾಕಾನನ್ನು ಕೇಳುತ್ತಿದ್ದರು.

ಮುಂದಿನ ಭಾನುವಾರ ನಾವು ಮೂವರೂ ಲೋಕಲ್ ಹಿಡಿದು ಡೊಂಬಿವಲಿಗೆ ಹೋದೆವು. ದರ್ಜಿ ಸತ್ಯವಂತ. "ತೆಗೆದುಕೊಂಡ ದುಡ್ಡು ತೆಗೆದುಕೊಂಡದ್ದೇ. ತಾರೀಖು ಹೋದರೆ ಸಾಲ ಹೋಗುತ್ತದೆಯೇ?" ಎಂದು ಹೊಸ ನೋಟು ಬರೆದುಕೊಟ್ಟ. ಅವಧಿ ಮೀರಿದ ಸಾಲವನ್ನು ಕೊಡುತ್ತೇನೆಂದು ಸಾಲಗಾರ ತಾನಾಗಿ ಬರೆದು ಸಹಿ ಮಾಡಿದರೆ ಕರಾರು ಕಾಯಿದೆ ಅದನ್ನು ಮಾನ್ಯ ಮಾಡುತ್ತದೆ. ಬ್ಯಾಂಕಿನ ಹಣ ಉಳಿಯಿತು. ಅದು ಉಳಿದದ್ದು ದರ್ಜಿಯ ಧರ್ಮಬುದ್ಧಿಯಿಂದ, ನನ್ನ ದುಡಿಮೆಯಿಂದಲ್ಲ.

ಆದರೆ ಮೇಲಿನ ಕಛೇರಿಯಿಂದ ಮ್ಯಾನೇಜರರಿಗೆ ವಿವರಣೆ ಕೇಳಿ ಪತ್ರ ಬಂತು. ಅವರು ಉತ್ತರದಲ್ಲಿ ನನ್ನ ಹೆಸರನ್ನೆತ್ತದೆ ಹೊಣೆಯನ್ನು ತಾವೇ ಹೊತ್ತುಕೊಂಡರು. ಆ ವರ್ಷ ಅವರು ಬಡ್ತಿಯ ಸಂದರ್ಶನಕ್ಕೆ ಹೋಗಿದ್ದರು. ಬಡ್ತಿ ಬರಲಿಲ್ಲ. ಈ ಪತ್ರವೇ ಕಾರಣವೆಂದು ನಾನು ಹೇಳಲಾರೆ. ಅಲ್ಲವೆಂದು ಹೇಳಲು ನನ್ನ ಮನಸ್ಸು ಒಪ್ಪುವುದಿಲ್ಲ. ಆರು ತಿಂಗಳು ಮುಗಿದಾಗ ನನ್ನನ್ನು ಖಾಯಂ ಮಾಡಲು ಶಿಫಾರಸು ಬರೆದವರೂ ಅವರೇ. ಆ ದಿನ ನನಗೆ ಹೇಳಿದರು: "ಒಂದು ಸಹಿ ಸಿಗಲಿಲ್ಲ, ಅದು ತಪ್ಪಲ್ಲ. ಸಿಕ್ಕಿಲ್ಲವೆಂಬುದು ನಿನಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ತಪ್ಪು ಅಷ್ಟೇ. ಹೇಳಿದ್ದರೆ ನಾನು ಏನಾದರೂ ಮಾಡುತ್ತಿದ್ದೆ."

ಅಜ್ಜಿ ಹೇಳಿದ್ದೂ ಇದೇ ಮಾತಲ್ಲವೇ, ಮಹನೀಯರೇ?

ಏಕೆ ನಾವು ಸುಮ್ಮನಿರುತ್ತೇವೆ ಎಂದು ಅನೇಕ ಸಲ ಯೋಚಿಸಿದ್ದೇನೆ. ನಮ್ಮ ಮನೆಗಳಲ್ಲಿ ಮಕ್ಕಳಿಗೆ ಹೇಳುವ ಬುದ್ಧಿವಾದ ತಮಗೆ ಗೊತ್ತೇ ಇದೆ. "ತುಂಬಿದ ಕೊಡ ತುಳುಕುವುದಿಲ್ಲ", "ತಗ್ಗಿ ಬಗ್ಗಿ ನಡೆ", "ನಿನ್ನ ಕೆಲಸ ನೀನು ಮಾಡು, ನೋಡುವವರು ನೋಡುತ್ತಾರೆ". ಒಳ್ಳೆಯ ಮಾತುಗಳೇ. ಆದರೆ ನೋಡುವವರಿಗೆ ಇಪ್ಪತ್ತು ಮಂದಿಯ ಕೆಲಸ ನೋಡುವುದಿರುತ್ತದೆ. ತುಂಬಿದ ಕೊಡವೂ ಖಾಲಿ ಕೊಡವೂ ದೂರದಿಂದ ಒಂದೇ ಹಾಗೆ ಕಾಣುತ್ತವೆ. ಇದರ ಮೇಲೆ ಪರಭಾಷೆಯ ಅಳುಕು. ವ್ಯಾಕರಣ ತಪ್ಪಿ ನಗೆಗೀಡಾದೇನೆಂದು ಬಾಯಿ ಮುಚ್ಚುತ್ತೇವೆ. ೪೨, ೪೧, ೧ ಎಂಬ ಅಂಕಿಗಳಿಗೆ ವ್ಯಾಕರಣ ಬೇಡ. ಹರಕು ಹಿಂದಿಯಲ್ಲಿ ಹೇಳಿದ ಸರಿಯಾದ ಲೆಕ್ಕ, ಸುಂದರವಾದ ಇಂಗ್ಲಿಷಿನಲ್ಲಿ ಹೇಳಿದ "ಎಲ್ಲ ಸರಿಯಾಗಿದೆ" ಎಂಬುದಕ್ಕಿಂತ ಮೇಲು.

"ಇದು ಮೇಲಿನವರ ಹಿಂದೆ ಸುತ್ತುವ ವಿದ್ಯೆಯಲ್ಲವೇ?" ಎಂದು ಒಬ್ಬ ಮಿತ್ರರು ನನ್ನನ್ನು ಕೇಳಿದ್ದುಂಟು. ಅಲ್ಲ. ಮುಖಸ್ತುತಿ ಮಾಡುವವನು ಸಾಹೇಬರ ಮಾತನಾಡುತ್ತಾನೆ. ವರದಿ ಕೊಡುವವನು ಕೆಲಸದ ಮಾತನಾಡುತ್ತಾನೆ. ಇವೆರಡನ್ನು ಬೇರೆ ಮಾಡುವ ಪರೀಕ್ಷೆ ಸುಲಭ. ತನಗೆ ಅನುಕೂಲವಲ್ಲದ ಸುದ್ದಿಯನ್ನೂ ಹೇಳುತ್ತಾನೆಯೇ ನೋಡಿ. ಹೇಳುವುದಾದರೆ ಅದು ವರದಿ. ಆದದ್ದನ್ನು ಮಾತ್ರ ಹೇಳಿ ಆಗದ್ದನ್ನು ನುಂಗಿದರೆ ಅದು ತಮಟೆ.

ಬ್ಯಾಂಕಿನ ವ್ಯವಹಾರವೇ ಈ ತತ್ತ್ವದ ಮೇಲೆ ನಿಂತಿದೆ. ಒಬ್ಬ ಬರೆಯುತ್ತಾನೆ, ಇನ್ನೊಬ್ಬ ನೋಡಿ ಪಾಸು ಮಾಡುತ್ತಾನೆ. ಲೆಡ್ಜರು ಹೋಗಿ ಕಂಪ್ಯೂಟರು ಬಂದರೂ ಈ ನಿಯಮ ಹೋಗಿಲ್ಲ. ಸಂಜೆ ನಗದು ತಾಳೆಯಾಗದೆ ಕ್ಯಾಷಿಯರು ಮನೆಗೆ ಹೋಗುವ ಹಾಗಿಲ್ಲ. ದುಡ್ಡಿಗೆ ದಿನವೂ ತಾಳೆ ಹಾಕುವ ನಾವು ಕೆಲಸಕ್ಕೆ ಮಾತ್ರ ವರ್ಷಕ್ಕೊಮ್ಮೆ ತಾಳೆ ಹಾಕಿದರೆ ಸಾಕೆಂದುಕೊಳ್ಳುತ್ತೇವೆ.

ನಮ್ಮ ಕರಾವಳಿ ಬ್ಯಾಂಕುಗಳ ತವರು. ೧೯೨೫ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ ೧೯೨೮ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಏಜೆಂಟನು ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯನ್ನೂ ಪಡೆದು ಬರೆದುಕೊಳ್ಳುತ್ತಿದ್ದ. ೨೦೨೦ರಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆದರೆ ಪಿಗ್ಮಿ ಎಂಬ ಮಾತು ನಮ್ಮ ಮನೆಗಳಲ್ಲಿ ಉಳಿದಿದೆ. ಮೇಲಿನವರ ವಿಶ್ವಾಸವೂ ಪಿಗ್ಮಿಯ ಹಾಗೆಯೇ. ಒಂದೇ ದಿನ ದೊಡ್ಡ ಗಂಟು ಕಟ್ಟಿ ಇಡುವುದು ನಮ್ಮಂಥವರಿಂದಾಗದು. ದಿನಕ್ಕೆ ಎರಡಾಣೆಯಷ್ಟು ಸುದ್ದಿ ಜಮಾ ಮಾಡುತ್ತ ಬಂದರೆ, ಕಷ್ಟದ ದಿನ ತೆಗೆಯಲು ಏನಾದರೂ ಇರುತ್ತದೆ.

ಇನ್ನು ಹೇಗೆ ಹೇಳಬೇಕು ಎಂಬ ವಿಚಾರ. ನನ್ನ ಅನುಭವದಲ್ಲಿ ನಿಂತ ಕೆಲವು ಕ್ರಮಗಳನ್ನು ಹೇಳುತ್ತೇನೆ.

ಸೇರಿದ ಮೊದಲ ವಾರದಲ್ಲೇ ಮೇಲಿನವರನ್ನು ಕೇಳಿಕೊಳ್ಳಿರಿ: "ಕೆಲಸದ ವಿವರ ತಮಗೆ ಹೇಗೆ ಬೇಕು? ಬಾಯಿಮಾತೋ, ಚೀಟಿಯೋ, ಈಮೇಲೋ? ದಿನವೂ ಬೇಕೋ, ವಾರಕ್ಕೊಮ್ಮೆಯೋ?" ಒಬ್ಬರಿಗೆ ವಾಟ್ಸಾಪಿನಲ್ಲಿ ಎರಡು ಸಾಲು ಸಾಕು; ಇನ್ನೊಬ್ಬರು ಎದುರಿಗೆ ನಿಂತು ಹೇಳಿದರೆ ಮಾತ್ರ ಕೇಳುವವರು. ಕೇಳಿ ತಿಳಿದುಕೊಂಡರೆ ಅವಮಾನವಿಲ್ಲ.

ಹೇಳುವುದನ್ನು ಮೂರು ಭಾಗ ಮಾಡಿಕೊಳ್ಳಿರಿ: ಮುಗಿದದ್ದು, ನಡೆದಿರುವುದು, ನಿಂತಿರುವುದು. "ಬಹುತೇಕ ಆಗಿದೆ", "ಸುಮಾರಾಗಿ ನಡೆದಿದೆ" ಎಂಬ ಮಾತು ಬೇಡ. ಅಂಕಿ ಹೇಳಿರಿ, ತಾರೀಖು ಹೇಳಿರಿ. "೪೨ರಲ್ಲಿ ೪೧ ಆಯಿತು. ಒಂದು ನಿಂತಿದೆ, ಪತ್ರ ಹಿಂದಕ್ಕೆ ಬಂತು. ಕಡೆಯ ತಾರೀಖು ಈ ತಿಂಗಳ ಇಪ್ಪತ್ತೆಂಟು." ಇಷ್ಟು ಹೇಳಲು ಅರ್ಧ ನಿಮಿಷ. ಈ ಅರ್ಧ ನಿಮಿಷ ಅಂದು ನನಗೆ ದೊರೆಯಲಿಲ್ಲ.

ಕೆಟ್ಟ ಸುದ್ದಿಯನ್ನು ಮೊದಲು ಹೇಳಿರಿ, ಹೊತ್ತಿರುವಾಗಲೇ ಹೇಳಿರಿ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತರುವ ಕಾಲ ಬರಗೊಡಬೇಡಿರಿ. ಸಾಧ್ಯವಾದರೆ ಜೊತೆಗೆ ಒಂದು ಉಪಾಯವನ್ನೂ ಹೇಳಿರಿ: "ಹೀಗೆ ಮಾಡಬಹುದೆಂದು ತೋರುತ್ತದೆ, ತಮ್ಮ ಅಭಿಪ್ರಾಯವೇನು?" ಉಪಾಯ ಹೊಳೆಯದಿದ್ದರೆ ಬರೀ ಸುದ್ದಿಯನ್ನಾದರೂ ಹೇಳಿರಿ. ಉಪಾಯ ಹೊಳೆಯಲಿ ಎಂದು ಕಾಯುತ್ತ ಕುಳಿತೇ ನಾನು ಕೆಟ್ಟದ್ದು.

ಹೊತ್ತು ನೋಡಿ ಹೇಳಿರಿ. ಬೆಳಿಗ್ಗೆ ಗಿರಾಕಿಗಳ ಸಾಲು ಬಾಗಿಲವರೆಗೆ ನಿಂತಿರುವಾಗ ಸಾಹೇಬರ ಮೇಜಿಗೆ ಹೋಗಿ ವರದಿ ಒಪ್ಪಿಸುವುದು ವಿವೇಕವಲ್ಲ. ಹಾಗೆಯೇ ಪೆನ್ನಿಗೆ ಶಾಯಿ ಮುಗಿದದ್ದನ್ನೂ ಹೇಳಬೇಕಾಗಿಲ್ಲ. ಅವರು ಏನಾದರೂ ತೀರ್ಮಾನ ಮಾಡಬೇಕಾದ ಸಂಗತಿ, ಅವರು ಇನ್ನೊಬ್ಬರಿಗೆ ಉತ್ತರ ಕೊಡಬೇಕಾದ ಸಂಗತಿ, ಇವೆರಡನ್ನು ತಪ್ಪದೆ ಹೇಳಿದರೆ ಸಾಕು.

ನೆರವಾದವರ ಹೆಸರನ್ನು ಹೇಳಿರಿ. "ಕಾಕಾ ವಿಳಾಸ ಹುಡುಕಿಕೊಟ್ಟರು" ಎಂದರೆ ನಿಮ್ಮ ಕೆಲಸ ಸಣ್ಣದಾಗುವುದಿಲ್ಲ. ಮುಂದಿನ ಸಲ ಕಾಕಾ ತಾವಾಗಿಯೇ ಬಂದು ಹೇಳುತ್ತಾರೆ.

ಕಡೆಯದಾಗಿ, ಒಂದು ಚಿಕ್ಕ ಪುಸ್ತಕ ಇಟ್ಟುಕೊಂಡು ಯಾವ ದಿನ ಏನು ಮಾಡಿದೆ, ಏನು ಹೇಳಿದೆ ಎಂದು ಬರೆದಿಡಿರಿ. ಕೆಲವು ಮೇಲಧಿಕಾರಿಗಳು "ಆಮೇಲೆ ನೋಡೋಣ" ಎಂದು ಕೈಯಾಡಿಸಿ ಕಳುಹಿಸುವುದುಂಟು. ಆಗ ಎರಡು ಸಾಲು ಬರೆದು ಅವರಿಗೆ ತಲುಪಿಸಿರಿ. ನಮ್ಮ ಹೊಣೆ ನಾವು ತೀರಿಸಿದ ಹಾಗಾಯಿತು. ಖಾಯಂ ಮಾಡುವ ಹೊತ್ತಿನಲ್ಲಿ "ಈ ಆರು ತಿಂಗಳು ಏನು ಮಾಡಿದೆ?" ಎಂದು ಯಾರಾದರೂ ಕೇಳಿದರೂ ಅದೇ ಪುಸ್ತಕ ಉತ್ತರ ಹೇಳುತ್ತದೆ.

ಪಾಠ ಕಲಿತ ಮೇಲೆ ಅದು ಫಲ ಕೊಟ್ಟ ಒಂದು ಸಂದರ್ಭವನ್ನೂ ಹೇಳದಿದ್ದರೆ ತಾವು ಬೇಸರದಿಂದ ಎದ್ದುಹೋಗಬಹುದು. ೨೦೧೬ರ ನವೆಂಬರ್ ೮ರ ರಾತ್ರಿ ಐನೂರರ ಮತ್ತು ಸಾವಿರದ ನೋಟುಗಳು ರದ್ದಾದವು. ೯ರಂದು ಬ್ಯಾಂಕುಗಳು ಜನರಿಗೆ ತೆರೆಯಲಿಲ್ಲ. ೧೦ರಂದು ತೆರೆದಾಗ ನಮ್ಮ ಶಾಖೆಯ ಮುಂದೆ ಜನರ ಸಾಲು ಬೀದಿಯ ತಿರುವು ದಾಟಿತ್ತು. ಆಗ ಒಬ್ಬರಿಗೆ ನಾಲ್ಕು ಸಾವಿರ ರೂಪಾಯಿಯವರೆಗೆ ನೋಟು ಬದಲಿಸಿಕೊಡುವ ಕ್ರಮ. ನನ್ನ ಕೌಂಟರಿನಿಂದ ಗಂಟೆಗೊಂದು ಚೀಟಿ ಮ್ಯಾನೇಜರರ ಮೇಜಿಗೆ ಹೋಗುತ್ತಿತ್ತು: "ಕೈಯಲ್ಲಿ ಇಷ್ಟಿದೆ." ಎರಡು ಲಕ್ಷ ಉಳಿದಿದೆ ಎಂದರೆ ಇನ್ನು ಐವತ್ತು ಮಂದಿಗೆ ಸಾಕು ಎಂಬ ಲೆಕ್ಕ. ಆ ಚೀಟಿ ನೋಡಿ ಅವರು ಹೊರಗೆ ಹೋಗಿ, ಸಾಲಿನ ಕೊನೆಯಲ್ಲಿದ್ದ ಮುದುಕರಿಗೆ, ಕೂಸನ್ನೆತ್ತಿಕೊಂಡ ಹೆಂಗಸರಿಗೆ, "ಇಂದು ನಿಮ್ಮ ಸರದಿ ಬರಲಾರದು, ಬಿಸಿಲಿನಲ್ಲಿ ನಿಲ್ಲಬೇಡಿರಿ" ಎಂದು ಮುಂಚೆಯೇ ಹೇಳಲು ಆಯಿತು. ದುಡ್ಡು ತರಿಸಲು ನನ್ನಿಂದ ಆಗುತ್ತಿರಲಿಲ್ಲ. ಆದರೆ ದುಡ್ಡು ಎಷ್ಟಿದೆಯೆಂದು ಹೇಳಲು ಆಗುತ್ತಿತ್ತು. ಮೂರು ಗಂಟೆ ನಿಂತ ಮೇಲೆ "ಮುಗಿಯಿತು" ಎಂದು ಬಾಗಿಲು ಹಾಕಿಸಿಕೊಳ್ಳುವ ಸಂಕಟ ಕೆಲವರಿಗಾದರೂ ತಪ್ಪಿತು.

ಸಭೆಯಲ್ಲಿ ತಂದೆತಾಯಿಗಳಿದ್ದೀರಿ. ತಮ್ಮಲ್ಲಿ ಒಂದು ವಿನಂತಿ. ಸಂಜೆ ಮನೆಗೆ ಬಂದ ಮಗನನ್ನೋ ಮಗಳನ್ನೋ "ಸಂಬಳ ಎಷ್ಟು? ಖಾಯಂ ಯಾವಾಗ?" ಎಂದು ಕೇಳುವುದರ ಜೊತೆಗೆ, "ಇಂದು ಯಾವ ಕೆಲಸ ನಿಂತಿತು? ಅದನ್ನು ಯಾರಿಗೆ ಹೇಳಿದೆ?" ಎಂದೂ ಕೇಳಿರಿ. ಮನೆಯಲ್ಲಿ ಸೋಲನ್ನು ಹೇಳಿ ಬೈಸಿಕೊಳ್ಳದ ಮಕ್ಕಳು ಕಛೇರಿಯಲ್ಲಿಯೂ ಹೇಳುವ ಧೈರ್ಯ ಮಾಡುತ್ತಾರೆ. ಹಾಗೆಯೇ ನಾಲ್ಕು ಮಂದಿಯ ಮೇಲೆ ಅಧಿಕಾರ ನಡೆಸುವ ಹಿರಿಯರೂ ಇಲ್ಲಿದ್ದೀರಿ. ಕೆಟ್ಟ ಸುದ್ದಿ ತಂದವನ ಮೇಲೆ ಒಮ್ಮೆ ಸಿಟ್ಟಾದರೆ ಅವನು ಎರಡನೆಯ ಸಲ ತರುವುದಿಲ್ಲ. ಸುದ್ದಿ ಮಾತ್ರ ಬಂದೇ ಬರುತ್ತದೆ, ಆಡಿಟರರ ಕೈಯಿಂದ.

ನನ್ನ ಆ ಮ್ಯಾನೇಜರರು ಈಗ ನಿವೃತ್ತರಾಗಿದ್ದಾರೆ. ಪ್ರತಿ ದೀಪಾವಳಿಗೂ ಅವರಿಗೆ ಫೋನು ಮಾಡುತ್ತೇನೆ. ಎತ್ತಿದ ಕೂಡಲೆ ನಗುತ್ತ ಅವರು ಕೇಳುವ ಪ್ರಶ್ನೆ ಒಂದೇ: "ಏನಪ್ಪಾ, ಎಷ್ಟು ಆಯಿತು, ಎಷ್ಟು ಉಳಿಯಿತು?" ನಾನು ನನ್ನ ಚಿಕ್ಕ ಪುಸ್ತಕ ತೆರೆದು ಅಂಕಿ ಹೇಳುತ್ತೇನೆ.

ಮಿತ್ರರೇ, ನಮ್ಮ ಹಿರಿಯರು ಊರು ಬಿಟ್ಟು ಬಂದಾಗ, ಕೈಯಲ್ಲಿ ಕಾಸಿರಲಿ ಇಲ್ಲದಿರಲಿ, ಊರಿಗೆ ಒಂದು ಕಾಗದ ಹಾಕುವುದನ್ನು ಕರ್ತವ್ಯವೆಂದು ತಿಳಿದಿದ್ದರು. ಕಾಯುವವರಿಗೆ ಸುದ್ದಿ ಮುಟ್ಟಿಸುವುದು ನಮ್ಮ ಮನೆತನದ ಪದ್ಧತಿ. ಅದನ್ನು ಕಛೇರಿಗೂ ಕೊಂಡೊಯ್ಯಿರಿ. ನಿಮ್ಮ ಸುದ್ದಿಗಾಗಿ ಅಲ್ಲಿಯೂ ಒಬ್ಬರು ಕಾಯುತ್ತಿರುತ್ತಾರೆ. ಕಾಮಾಲೆಯಾದರೆ ಕಾಮಾಲೆಯೆಂದೇ ಬರೆಯಿರಿ, ಮದ್ದು ಬಂದೀತು.

 ಸಿರಿಗನ್ನಡಂ ಗೆಲ್ಗೆ.